ಹಗ್ಗ ಇಳಿದ ಜಾಗ

ಬೆಳಗ್ಗೆ ಎದ್ದಾಗಿನಿಂದ ಜಿರ್ಗಲಾನನಿಗೆ ಎಲ್ಲರ ಮೂಗುಗಳೂ ಅಸಹ್ಯವಾಗಿ ಕಾಣುತ್ತಿದ್ದವು. ಚಳಿಗೆ ಕೆಂಪಾಗಿ, ತುದಿಯಲ್ಲಿ ಒಂದೊಂದು ಹನಿ ತೂಗಿಸಿಕೊಂಡು, ಸಾಲಾಗಿ ಕುದುರೆಗಳ ಮೇಲೆ ಕೂತ ಸಾವಿರ ಮೂಗುಗಳು. ಈ ಮೂಗುಗಳೇ ಜಗತ್ತನ್ನು ಗೆದ್ದವು ಎಂದು ಹಾಡುಗಾರರು ಹಾಡುತ್ತಾರೆ. ಜಗತ್ತನ್ನು ಗೆದ್ದವಕ್ಕೆ ಒರೆಸಿಕೊಳ್ಳುವಷ್ಟು ತಿಳಿವಳಿಕೆ ಮಾತ್ರ ಇನ್ನೂ ಬಂದಿಲ್ಲ. ಅವನು ನರಿಚರ್ಮದ ತೋಳಿಗೆ ತನ್ನ ಮೂಗನ್ನು ಉಜ್ಜಿಕೊಂಡ. ಅದೂ ಸೋರುತ್ತಿತ್ತು, ಆದರೆ ಅದು ಮಹಾಖಾನನ ಮೊಮ್ಮಗನ ಮೂಗು, ಅದರ ಸೋರಿಕೆಯ ಘನತೆಯೇ ಬೇರೆ. ಇಂದು ಬೇಟೆಯ ಕೊನೆಯ ದಿನ. ಎರಡು ತಿಂಗಳ ಹಿಂದೆ ಸವಾರರ ಈ ಬಳೆ ಎಷ್ಟು ಅಗಲವಿತ್ತೆಂದರೆ, ಈ ಕಡೆ ಸೀನಿದವನಿಗೆ ಆ ಕಡೆಯಿಂದ 'ನೂರು ವರ್ಷ ಬಾಳು' ಎಂಬ ಹರಕೆ ಬಂದು ಮುಟ್ಟುವಷ್ಟರಲ್ಲಿ ಅವನ ನೆಗಡಿ ವಾಸಿಯಾಗಿ ಮುಂದಿನ ನೆಗಡಿ ಹಿಡಿದಿರುತ್ತಿತ್ತು. ದಿನದಿನಕ್ಕೂ ಬಳೆ ಚಿಕ್ಕದಾಗುತ್ತಾ, ಬೆಟ್ಟಗಳ ಮೇಲಿನ ಮೃಗಗಳನ್ನೆಲ್ಲ ಗುಡಿಸಿಕೊಂಡು ಬಂದು, ಈಗ ಎದುರುಬದುರಿನವರು ಒಬ್ಬರನ್ನೊಬ್ಬರು ಬೈದರೆ ಕೇಳುವಷ್ಟು ಕಿರಿದಾಗಿತ್ತು. ಸುತ್ತಲೂ ಗೂಟ ನೆಟ್ಟು, ಕಂಬಳಿಯ ಚೂರುಗಳನ್ನು ಕಟ್ಟಿದ ಹಗ್ಗ ಎಳೆದಿದ್ದರು. ಒಳಗೆ ಜಿಂಕೆ, ಕಾಡುಗತ್ತೆ, ತೋಳ, ಮೊಲ ಎಲ್ಲವೂ ಒಂದರ ಬೆನ್ನಿಗೊಂದು ಒತ್ತಿಕೊಂಡು ಉಸಿರಿನ ಒಂದೇ ದೊಡ್ಡ ಮೋಡ ಎಬ್ಬಿಸುತ್ತಿದ್ದವು. ತೋಳಗಳು ಮೊಲಗಳ ಮೇಲೆ ಕಾಲಿಟ್ಟುಕೊಂಡು ನಿಂತಿದ್ದರೂ ತಿನ್ನುವುದನ್ನು ಮರೆತಿದ್ದವು. ಅರಮನೆಯ ಔತಣಗಳಲ್ಲೂ ಹೀಗೇ ಅಲ್ಲವೇ ಎಂದು ಜಿರ್ಗಲಾನನಿಗೆ ಅನ್ನಿಸಿತು. ಆ ಯೋಚನೆ ಚೆನ್ನಾಗಿತ್ತು. ಯಾರಿಗಾದರೂ ಹೇಳಬೇಕಿತ್ತು. ಹತ್ತಿರದಲ್ಲಿದ್ದವನು ನಾಚಿನ್ ಒಬ್ಬನೇ.

ನಾಚಿನ್ ಎಪ್ಪತ್ತರ ಮುದುಕ, ಹತ್ತು ಜನ ಸವಾರರ ಮುಖ್ಯಸ್ಥ. ಅವನ ಮುಖದಲ್ಲಿದ್ದ ಸುಕ್ಕುಗಳಲ್ಲಿ ಒಂದು ದಂಡನ್ನೇ ಅಡಗಿಸಿಡಬಹುದಿತ್ತು. ಅವನು ಮರದ ಬಟ್ಟಲಲ್ಲಿ ಕುರಿಬಾಲದ ಕೊಬ್ಬಿನ ಸಾರು ಹಿಡಿದುಕೊಂಡು ಬಂದು ಕುದುರೆಯ ಪಕ್ಕದಲ್ಲಿ ನಿಂತ. ಇಂದು ಮಧ್ಯಾಹ್ನ, ಬೇಟೆ ಮುಗಿದ ಮೇಲೆ, ಈ ಮುದುಕನನ್ನು ಬೆನ್ನು ಮುರಿದು ಕೊಲ್ಲುತ್ತಾರೆ. ಅದು ನಿನ್ನೆಯೇ ತೀರ್ಮಾನವಾಗಿತ್ತು. ಆದರೂ ಅವನನ್ನು ಯಾರೂ ಕಟ್ಟಿಹಾಕಿರಲಿಲ್ಲ. ಕಟ್ಟಿಹಾಕಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಓಡಿಹೋಗಬೇಕೆಂದು ಅವನಿಗೂ ಹೊಳೆದಿರಲಿಲ್ಲ. ಎಂಥ ದನದಂಥ ಜನ ಎಂದುಕೊಂಡ ಜಿರ್ಗಲಾನ.

"ಕುಡೀರಿ ಒಡೆಯಾ. ಹೊಟ್ಟೆ ಸರಿ ಇಲ್ದಾಗ ಬಿಸಿ ಇಳೀಬೇಕು."

"ನನ್ನ ಹೊಟ್ಟೆಗೇನಾಗಿದೆ?"

"ಏನೂ ಆಗಿಲ್ಲ. ಏನೂ ಆಗಿಲ್ಲ ಅಂತ್ಲೇ ನಿನ್ನೆಯಿಂದ ನಾನೂ ಎಲ್ರಿಗೂ ಹೇಳ್ತಾ ಇದೀನಲ್ಲ."

ಜಿರ್ಗಲಾನ ಬಟ್ಟಲನ್ನು ಕಿತ್ತುಕೊಂಡು ಕುಡಿದ. ಸಾರು ನಾಲಿಗೆ ಸುಟ್ಟಿತು. ಆ ಉರಿಗೂ ಮುದುಕನೇ ಕಾರಣ ಎನ್ನಿಸಿತು. ನಿನ್ನೆ ಬೆಳಕು ಹರಿಯುವ ಹೊತ್ತಿಗೆ ಅವನ ಹೊಟ್ಟೆ ತಿರುಚಿಕೊಂಡಿತ್ತು. ಹಿಂದಿನ ದಿನ ದೊಡ್ಡಪ್ಪ ತೊರುಗ್ ಖಾನನ ಔತಣದಲ್ಲಿ ತಿಂದ ಮಾಂಸವೋ, ಹುಳಿ ಬಂದ ಕುದುರೆಹಾಲೋ, ದೊಡ್ಡಪ್ಪನ ಮುಖವೋ, ಯಾವುದು ಕೆಟ್ಟಿತ್ತೆಂದು ಹೇಳಲಾಗದು. ಬಳೆಯ ಹೊರಗೆ ಸಾವಿರ ಸವಾರರು. ಅವರ ಕಣ್ಣೆದುರು ಮಹಾಖಾನನ ಮೊಮ್ಮಗ ಕುಕ್ಕರಗಾಲಲ್ಲಿ ಕೂರುವುದುಂಟೇ? ಒಳಗೆ, ಹಗ್ಗದ ಆಚೆ, ಒಂದು ಬಂಡೆಯ ಮರೆ ಇತ್ತು. ಹಗ್ಗದಡಿಯಲ್ಲಿ ನುಸುಳಲು ಹೋದರೆ ತಲೆ ಬಗ್ಗಿಸಬೇಕು, ಅದು ಅಪಶಕುನ. ದಾಟಿ ಹೋಗಲು ಏಳು ಪದರದ ನಿಲುವಂಗಿ ಬಿಡದು. ಅವನು ಗೂಟದಿಂದ ಹಗ್ಗವನ್ನು ಕಳಚಿ ನೆಲಕ್ಕೆ ಬಿಟ್ಟ. ಅಷ್ಟೇ. ಒಂದು ಗಂಟು ಬಿಚ್ಚಿದ್ದು, ಎರಡನೆಯದು ಲಾಡಿಯ ಗಂಟು. ಬಂಡೆಯ ಹಿಂದೆ ಕೂತು ಕಣ್ಣು ಮುಚ್ಚಿದ್ದಾಗ ಮುಖದ ಮೇಲೆ ಬಿಸಿ ಗಾಳಿ ಬಡಿಯಿತು. ಕಣ್ಣು ತೆರೆದರೆ ಒಂದು ಕಾಡುಗತ್ತೆ. ಹೆಣ್ಣು, ಗಬ್ಬದ್ದು. ಅದರ ಕಣ್ಣು ಅವನ ಕಣ್ಣಿನಿಂದ ಒಂದು ಗೇಣು ದೂರದಲ್ಲಿತ್ತು. ಅದು ಅವನನ್ನು ನೋಡಿತು. ದೇಶದೇಶಗಳ ರಾಜರು ಅವನ ವಂಶದವರ ಎದುರು ಹಣೆ ನೆಲಕ್ಕಿಟ್ಟಿದ್ದರು. ಈ ಕತ್ತೆ ಮಾತ್ರ, ಇಂಥದ್ದನ್ನು ಮೊದಲೂ ನೋಡಿದ್ದೇನೆ ಎಂಬಂತೆ ಮೂಗಿನಲ್ಲಿ ಒಮ್ಮೆ ಬುಸುಗುಟ್ಟಿ, ಅವನ ತಲೆಯ ಮೇಲಿಂದ ಹಾರಿ, ಹಗ್ಗ ಇಳಿದ ಜಾಗದಿಂದ ಹೊರಬಿದ್ದು, ಆಗತಾನೆ ಏಳುತ್ತಿದ್ದ ಸವಾರರ ನಡುವೆ ನುಗ್ಗಿ ಹೊರಟೇಹೋಯಿತು. ಅವನು ಹಿಂದಕ್ಕೆ ಬಿದ್ದಿದ್ದ, ತನ್ನದರ ಮೇಲೆಯೇ. ಮೊಣಕಾಲಿಗೆ ಇಳಿದ ಚಲ್ಲಣದಲ್ಲಿ ಕಾಲು ಸಿಕ್ಕಿ ಮಗುಚಿದ ಆಮೆಯಂತೆ ಹೊಯ್ದಾಡುತ್ತಿದ್ದಾಗ, ಯಾರೋ ಬಂದು ಎಬ್ಬಿಸಿ ನಿಲ್ಲಿಸಿ, ಹಿಡಿ ಹಿಮ ತೆಗೆದು ಉಜ್ಜಿ, ಲಾಡಿ ಕಟ್ಟಿ, ಹಗ್ಗವನ್ನು ಗೂಟಕ್ಕೇರಿಸಿ, ಹೊರಗಿನ ಗಲಾಟೆಗೆ ಎದುರಾಗಿ ನಿಂತು ಕೂಗಿದ್ದರು: "ನನ್ನ ತಪ್ಪು! ಕಣ್ಣು ಹತ್ತಿಬಿಡ್ತು! ನನ್ನ ತಪ್ಪು!"

"ಯಾಕೆ ಹಾಗೆ ಕೂಗಿದೆ?" ಎಂದ ಜಿರ್ಗಲಾನ, ಖಾಲಿ ಬಟ್ಟಲನ್ನು ಹಿಂದಕ್ಕೆ ಕೊಡುತ್ತಾ. ನಿನ್ನೆಯಿಂದ ಕೇಳಬೇಕೆಂದಿದ್ದ ಮಾತು. ಕೇಳಿದ್ದು ಬೈದಂತಿತ್ತು.

"ನಿಮ್ಮ ಲಾಡಿ ಬಿಚ್ಚಿತ್ತು ಒಡೆಯಾ, ನನ್ನದು ಕಟ್ಟಿತ್ತು. ಕಟ್ಟಿದ್ದವನು ತಾನೇ ಮಾತಾಡ್ಬೇಕು?" ಎಂದು ಮುದುಕ ಕುದುರೆಯ ಹೊಟ್ಟೆಪಟ್ಟಿ ಎಳೆದು ನೋಡಿದ. "ಸಡಿಲ ಆಗಿದೆ. ಇವತ್ತು ಕೊನೇ ದಿನ, ಜನ ಎಲ್ಲ ನೋಡ್ತಾರೆ, ಬಿದ್ದುಗಿದ್ದೀರಿ."

ಇದೇ ಆ ಧ್ವನಿ. ಬೈಗುಳವಲ್ಲ, ಮುಲಾಜಿಲ್ಲ, ದುಃಖವೂ ಇಲ್ಲ. ಮಗು ಹಾಸಿಗೆ ಒದ್ದೆ ಮಾಡಿದಾಗ ದಾದಿ ಆಡುವಂಥ ಧ್ವನಿ. ಜಿರ್ಗಲಾನ ಅದನ್ನು ಮೊದಲು ಕೇಳಿದ್ದು ಒಂಬತ್ತನೆಯ ವಯಸ್ಸಿನಲ್ಲಿ. ಮೊದಲ ಬೇಟೆಯ ದಿನ. ಹುಲ್ಲಿನಲ್ಲಿ ಒಂದು ಮೊಲ ಕುಳಿತಿತ್ತು, ಓಡುತ್ತಿರಲಿಲ್ಲ. ಬಿಲ್ಲಿನ ಹೆದೆ ಅರ್ಧಕ್ಕೇ ನಿಂತಿತ್ತು. 'ಇನ್ನೂ ಸ್ವಲ್ಪ ಎಳೀರಿ ಒಡೆಯಾ, ಜನ ನೋಡ್ತಿದಾರೆ' ಎಂದು ಬೆನ್ನ ಹಿಂದಿನಿಂದ ನಾಚಿನ್ ಪಿಸುಗುಟ್ಟಿದ್ದ. ಬಾಣ ತಾಗಿತು. ತಾತ ಮಹಾಖಾನ, ಮೊದಲ ಬೇಟೆಯ ಪದ್ಧತಿಯಂತೆ, ಅವನ ಹೆಬ್ಬೆರಳಿಗೆ ಕೊಬ್ಬು ಸವರಿ ಹರಸಿದ. ಆ ಮೊಲ ಮೂರು ದಿನದಲ್ಲಿ ಜಿಂಕೆಯಾಗಿ, ತಿಂಗಳಲ್ಲಿ ತೋಳವಾಗಿ, ಅವ್ವನ ಬಾಯಲ್ಲಿ ವರ್ಷ ತುಂಬುವಷ್ಟರಲ್ಲಿ ಹುಲಿಯಾಗಿತ್ತು. ಅವನು ಮಾತ್ರ ಮೊಲವನ್ನು ಎತ್ತಿಕೊಂಡಾಗ ನೋಡಿದ್ದ. ಹಿಂಗಾಲಿನ ನರವನ್ನು ಮೊದಲೇ ಕತ್ತರಿಸಿದ್ದರು, ಚಿಕ್ಕದಾಗಿ, ಅಚ್ಚುಕಟ್ಟಾಗಿ. ತಲೆ ಎತ್ತಿದರೆ ನಾಚಿನ್ ಬೇರೆ ಕಡೆ ನೋಡುತ್ತಿದ್ದ. ಇಪ್ಪತ್ತೈದು ವರ್ಷಗಳಿಂದ ಅವನು ಬೇರೆ ಕಡೆಯೇ ನೋಡುತ್ತಿದ್ದಾನೆ. ಅದಕ್ಕಿಂತ ನೇರವಾಗಿ ಯಾರೂ ಯಾರನ್ನೂ ನೋಡಲಾರರು. ಈ ಸಲ ಬೇಟೆಗೆ ಹೊರಟಾಗ ಹೆಂಡತಿ ಸೊಲಂಗಾ ಗುಡಾರದ ಬಾಗಿಲಲ್ಲಿ ನಿಂತು, 'ಹೋಗ್ಬನ್ನಿ, ನಾಚಿನ್ ಮಾವ ಜೊತೇಲಿರ್ತಾರಲ್ಲ, ಏನಾದ್ರೂ ಸಿಕ್ಕೇ ಸಿಗುತ್ತೆ' ಎಂದಿದ್ದಳು. ಅವಳಿಗೂ ಗೊತ್ತಿತ್ತೇ? ಇಡೀ ಹುಲ್ಲುಗಾವಲಿಗೇ ಗೊತ್ತಿತ್ತೇ? ಮುದುಕ ಸತ್ತರೆ ಆ ಮೊಲವೂ ಅವನೊಂದಿಗೆ ಸಾಯುತ್ತದೆ ಎಂಬ ಯೋಚನೆ ಬಂತು. ಅದು ತನ್ನ ಯೋಚನೆಯಲ್ಲ, ಯಾರೋ ಒಳಗೆ ಉಗುಳಿ ಹೋದದ್ದು ಎಂಬಂತೆ ಅವನು ನೆಲಕ್ಕೆ ಉಗುಳಿದ. ಉಗುಳು ಕುದುರೆಯ ಕುತ್ತಿಗೆಯ ಮೇಲೆ ಬಿತ್ತು. ನಾಚಿನ್ ಅದನ್ನು ಅಂಗೈಯಿಂದ ಒರೆಸಿ ಹೋದ.

ಹೇಳಿಬಿಡುತ್ತೇನೆ ಎಂದುಕೊಂಡ ಜಿರ್ಗಲಾನ. ಕಷ್ಟವೇನು ಇತ್ತು? ಮೊಲ ತಪ್ಪಿಸಿಕೊಂಡರೆ ದೊಣ್ಣೆ, ದೊಡ್ಡ ಮೃಗ ತಪ್ಪಿಸಿಕೊಂಡರೆ ಜೀವ ಎಂಬ ಕಟ್ಟಳೆ ಸಾಮಾನ್ಯ ಸವಾರರಿಗೆ ಮಾತ್ರ. ರಾಜಕುಮಾರನಿಗೆ ಯಾರೂ ಒಂದು ಪೆಟ್ಟು ಹಾಕುವಂತಿಲ್ಲ. ದೊಡ್ಡಪ್ಪ ನಗುತ್ತಾನೆ, ಅಷ್ಟೇ. ನಕ್ಕು ಒಂದು ಹೆಸರಿಡುತ್ತಾನೆ. ದೊಡ್ಡಪ್ಪನಿಗೆ ರಾಜ್ಯ ಆಳಲು ಬಾರದಿದ್ದರೂ ಹೆಸರಿಡಲು ಬರುತ್ತಿತ್ತು. ಹನ್ನೆರಡು ವರ್ಷದ ಹಿಂದೆ ದೊಡ್ಡ ಸಭೆಯಲ್ಲಿ ಒಬ್ಬ ಚಿಕ್ಕಪ್ಪ ಕುಡಿದದ್ದು ಹೆಚ್ಚಾಗಿ ವಾಂತಿ ಮಾಡಿಕೊಂಡಿದ್ದ. ಇವತ್ತಿಗೆ ಆ ಮನೆತನವೇ ವಾಂತಿಯವರ ಮನೆ. ವಾಂತಿಯವರ ಕುದುರೆಗಳು, ವಾಂತಿಯವರ ಸೊಸೆ, ಮೊನ್ನೆ ಹುಟ್ಟಿದ ಕೂಸೂ ವಾಂತಿಯವರ ಕೂಸು. ಆ ಚಿಕ್ಕಪ್ಪ ಆಮೇಲೆ ಎರಡು ಕೋಟೆ ಗೆದ್ದ. ಆ ಕೋಟೆಗಳನ್ನೂ ಜನ ಏನೆಂದು ಕರೆಯುತ್ತಾರೆಂದು ಹೇಳಬೇಕಿಲ್ಲ. ಹಾಗಾದರೆ ತನ್ನ ಮಗನನ್ನು, ಮೊಮ್ಮಗನನ್ನು, ಇನ್ನೂ ಹುಟ್ಟದ ನೂರು ಸಂತಾನವನ್ನು ಏನೆಂದು ಕರೆಯುತ್ತಾರೆ? ಅವನು ಮನಸ್ಸಿನಲ್ಲೇ ಒಪ್ಪಿಗೆಯ ಮಾತನ್ನು ತಿದ್ದತೊಡಗಿದ. ಮೊದಲ ಬಗೆಯಲ್ಲಿ ಅವನು ಹಗ್ಗದ ಬಿಗಿ ಪರೀಕ್ಷಿಸುತ್ತಿದ್ದ. ಎರಡನೆಯದರಲ್ಲಿ ಗಬ್ಬದ ಮೃಗವನ್ನು ನೋಡಿ ಮರುಕ ಹುಟ್ಟಿತ್ತು. ಮೂರನೆಯದರಲ್ಲಿ ಆಕಾಶದಿಂದ ಒಂದು ಬೆಳಕು ಇಳಿದು ಹಗ್ಗ ತಾನಾಗಿ ಕಳಚಿಕೊಂಡಿತ್ತು. ಯಾವ ಬಗೆಯಲ್ಲೂ ಚಲ್ಲಣ ಇಳಿಯುತ್ತಿರಲಿಲ್ಲ.

ದೊಡ್ಡಪ್ಪನ ಮಗ ಖಬಿಚಿ ಕುದುರೆ ಕುಣಿಸಿಕೊಂಡು ಬಂದ. ಕುದುರೆಗಿಂತ ಹೆಚ್ಚು ಕುಣಿಯುತ್ತಿದ್ದವನು ಅವನೇ. "ಏನಣ್ಣಾ, ನಿನ್ನ ಕಡೆಯಿಂದ ಒಂದು ಕತ್ತೆ ರಜಾ ತಗೊಂಡು ಮನೆಗೆ ಹೋಯ್ತಂತೆ?"

"ಮುದುಕನಿಗೆ ಕಣ್ಣು ಹತ್ತಿತ್ತು."

ಅಂದೇಬಿಟ್ಟ. ಎಷ್ಟು ಸುಲಭವಾಗಿ ಬಂತು ಆ ಮಾತು, ಎಣ್ಣೆ ಹಚ್ಚಿದ ಕೀಲಿನಂತೆ.

"ಹೌದಾ? ತಾತನ ಕಾಲದಲ್ಲಿ ಇದೇ ಮುದುಕ ಒಂಬತ್ತು ದಿನ ಕಣ್ಣು ಮಿಟುಕಿಸದೆ ಕೋಟೆ ಕಾದಿದ್ನಂತೆ. ನಿನ್ನ ಪಕ್ಕಕ್ಕೆ ಬಂದ ತಕ್ಷಣ ನಿದ್ದೆ ಬಂತು ನೋಡು! ನಿನ್ನ ಮಾತು ಅಷ್ಟು ಇಂಪೋ ಏನೋ." ಖಬಿಚಿ ಹಲ್ಲು ಕಿರಿದ. ಮೂಗನ್ನು ಗಾಳಿಯಲ್ಲಿ ಎತ್ತಿ ಮೂಸಿದ. "ಯಾಕೋ ಇಲ್ಲಿ ವಾಸನೆ."

"ಮೃಗಗಳದ್ದು."

"ಇರ್ಬೇಕು, ಇರ್ಬೇಕು," ಎನ್ನುತ್ತಾ ಅವನು ಹೊರಟುಹೋದ. ಜಿರ್ಗಲಾನ ಯಾರೂ ನೋಡದಂತೆ ತನ್ನ ನಿಲುವಂಗಿಯ ಅಂಚನ್ನು ಎತ್ತಿ ಮೂಸಿಕೊಂಡ. ನೋಡಿದವರು ಇದ್ದರು, ಸಾಲಿನ ಇಬ್ಬರು ಸವಾರರು. ಅವರು ಕೂಡಲೇ ಆಕಾಶದಲ್ಲಿ ಹದ್ದು ಹುಡುಕತೊಡಗಿದರು.

ಕೊಂಬು ಊದಿದರು. ಮೊದಲು ತೊರುಗ್ ಖಾನ ಬಳೆಯೊಳಗೆ ಹೋದ. ದೊಡ್ಡಪ್ಪನ ಹೊಟ್ಟೆ ಎಂಥದ್ದೆಂದರೆ ಅದು ಬಂದು ಮುಟ್ಟಿದ ಸಾಕಷ್ಟು ಹೊತ್ತಿನ ಮೇಲೆ ದೊಡ್ಡಪ್ಪ ಬರುತ್ತಿದ್ದ. ಕುದುರೆಯ ಮೇಲೆ ಅವನನ್ನು ಇಬ್ಬರು ಹಿಡಿದುಕೊಂಡರು, ಬಿಲ್ಲನ್ನು ಒಬ್ಬ ಎತ್ತಿ ಹಿಡಿದ. ಖಾನ ಕಣ್ಣು ಮುಚ್ಚಿ ಬಿಟ್ಟ ಬಾಣಕ್ಕೆ ಜಿಂಕೆ ಬಿದ್ದಿತು. ಅಷ್ಟು ಒತ್ತಾಗಿ ನಿಂತ ಮೃಗಗಳ ನಡುವೆ ಬಾಣ ನೆಲಕ್ಕೆ ಬೀಳಬೇಕಾದರೆ ಪವಾಡವೇ ಆಗಬೇಕಿತ್ತು. ಸಾವಿರ ಗಂಟಲು ಜಯಕಾರ ಹಾಕಿದವು. ಜಿರ್ಗಲಾನನ ಸರದಿ ಬಂದಾಗ ಅವನು ಒಂದು ತೋಳಕ್ಕೆ ಗುರಿಯಿಟ್ಟು ಒಂದು ಮುದಿ ಜಿಂಕೆಗೆ ಹೊಡೆದ. ಅದು ಮೊದಲೇ ಬೇರೆಯವರ ಬಾಣ ಹೊತ್ತು ಮಂಡಿಯೂರುತ್ತಿತ್ತು. ಅದಕ್ಕೂ ಜಯಕಾರ. ಹೇಡಿಗಳು, ಬಾಲಬಡುಕರು, ನಿಮ್ಮ ಗಂಟಲಿಗಿಷ್ಟು ಬೆಂಕಿ ಬೀಳ ಎಂದುಕೊಂಡು ಅವನು ಬಿಲ್ಲನ್ನು ಎತ್ತಿ ತೋರಿಸಿದ. ಎತ್ತಿದ ಬಿಲ್ಲಿನಡಿಯಿಂದ ಹಗ್ಗದ ಆ ಜಾಗ ಕಂಡಿತು. ನಾಚಿನ್ ಗೂಟದ ಪಕ್ಕ ನಿಂತು, ಗಂಟು ಬಿಗಿಯಾಗಿದೆಯೇ ಎಂದು ಎಳೆದೆಳೆದು ನೋಡುತ್ತಿದ್ದ. ಈಗ ಹೇಳಲೇ? ಇಷ್ಟು ಗದ್ದಲದಲ್ಲಿ ಕೇಳಿಸದು. ಬೇಟೆ ಮುಗಿಯಲಿ. ಮುಗಿದ ಮೇಲೆ ದೊಡ್ಡಪ್ಪ ಊಟ ಮಾಡಲಿ. ಊಟವಾದ ಮೇಲೆ ಮನಸ್ಸು ಮೃದುವಾಗಿರುತ್ತದೆ. ಊಟವಾದ ಮೇಲೆ ನಗುವೂ ಜೋರಾಗಿರುತ್ತದೆ, ಅದನ್ನೂ ಅವನು ಮರೆಯಲಿಲ್ಲ.

ಸೂರ್ಯ ನೆತ್ತಿಯಿಂದ ಇಳಿಯುವ ಹೊತ್ತಿಗೆ ನೆಲದಲ್ಲಿ ಹುಲ್ಲಿಗಿಂತ ಹೆಚ್ಚು ಬಾಣಗಳು ನೆಟ್ಟಿದ್ದವು. ಪದ್ಧತಿಯಂತೆ ನರೆಗಡ್ಡದವರು ಸಾಲಾಗಿ ಬಂದರು. ಪ್ರತಿ ವರ್ಷ ಹೀಗೇ. ಕೊಂದು ಸಾಕಾದ ಮೇಲೆ ಮುದುಕರು ಬಂದು ಉಳಿದ ಮೃಗಗಳ ಪ್ರಾಣ ಬೇಡಬೇಕು, ಖಾನ ದಯಪಾಲಿಸಬೇಕು. ಇಲ್ಲವಾದರೆ ಮುಂದಿನ ವರ್ಷ ಬೇಟೆಯೇ ಇರದು. ಟೊಪ್ಪಿ ಕಳಚಿ, ನಡುಪಟ್ಟಿ ಬಿಚ್ಚಿ ಕೊರಳಿಗೆ ಹಾಕಿಕೊಂಡು ಬಂದ ಆ ಮುದುಕರ ಮುಂದೆ ನಡೆಯುತ್ತಿದ್ದವನು ನಾಚಿನ್. ಇಪ್ಪತ್ತು ವರ್ಷದಿಂದ ಬೇಡುವ ಮಾತು ಅವನದೇ. ಇಂದು ಸಾಯಬೇಕಾದವನು ಬೇಡಬಹುದೇ ಎಂದು ಯಾರೂ ಕೇಳಲಿಲ್ಲ. ಬೇರೆ ಯಾರಿಗೂ ಮಾತುಗಳು ಬಾಯಿಪಾಠವಿರಲಿಲ್ಲ.

"ಖಾನ್ ಒಡೆಯಾ," ಎಂದ ನಾಚಿನ್, ಮಂಡಿಯೂರಿ. "ನಿನ್ನ ಬಾಣ ಚೂಪಾಗಿದೆ ಅಂತ ಸತ್ತವಕ್ಕೆ ಗೊತ್ತಾಯ್ತು. ನಿನ್ನ ಮನಸ್ಸು ದೊಡ್ಡದು ಅಂತ ಉಳಿದವಕ್ಕೆ ಗೊತ್ತಾಗ್ಲಿ. ಇವು ಹೋಗ್ಲಿ, ಮರಿ ಹಾಕ್ಲಿ. ನಿನ್ನ ಮೊಮ್ಮಕ್ಕಳ ಬಿಲ್ಲಿಗೂ ಕೆಲಸ ಇರ್ಲಿ."

"ಬಿಟ್ಟೆ," ಎಂದ ಖಾನ, ಮೂಳೆಯಿಂದ ಹಲ್ಲು ಕೆದಕುತ್ತಾ. "ಹಗ್ಗ ಇಳಿಸ್ರೋ."

ಸುತ್ತಲೂ ಹಗ್ಗ ಇಳಿಯಿತು. ಮೃಗಗಳು ಕದಲಲಿಲ್ಲ. ಹಗ್ಗ ಇದ್ದ ಜಾಗವನ್ನು ನೋಡುತ್ತಾ ನಿಂತವು.

"ಮೃಗಗಳದ್ದಾಯ್ತು. ನಿನಗೇನು ಬೇಕೋ ನಾಚಿನ್? ನಿಂಗೂ ಏನಾದ್ರೂ ಕೇಳ್ಕೋ."

"ಏನೂ ಬೇಡ ಒಡೆಯಾ. ನನ್ನ ಪಾಲಿನ ಮೃಗಾನ ನಿನ್ನೆಯೇ ಬಿಟ್ಟಾಯ್ತಲ್ಲ."

ಎಲ್ಲರೂ ನಕ್ಕರು. ಸಾಯುವವನ ಹಾಸ್ಯಕ್ಕೆ ಈ ಜನ ಹೀಗೆ ಹೊಟ್ಟೆ ಹಿಡಿದು ನಗುತ್ತಾರೆ, ಕಣ್ಣಲ್ಲಿ ನೀರು ಬರುವಷ್ಟು. ಆ ನಗುವಿನ ನಡುವೆ ಜಿರ್ಗಲಾನನ ಕೈಗಳು ಮೇಲೇರಿದವು. ಅವನು ಅವುಗಳಿಗೆ ಹೇಳಿರಲಿಲ್ಲ. ಟೊಪ್ಪಿ ಕಳಚಿದವು. ನಡುಪಟ್ಟಿಯ ಗಂಟಿಗೆ ಬಂದು ತಡವರಿಸಿದವು. ಗಂಟು ಬಿಚ್ಚುವಾಗ ನಿನ್ನೆಯ ಬಂಡೆ, ಬಿಸಿ ಗಾಳಿ, ಆ ದೊಡ್ಡ ಕಪ್ಪು ಕಣ್ಣು ಎಲ್ಲ ಒಟ್ಟಿಗೇ ಎದುರಿಗೆ ಬಂದು ನಿಂತವು. ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು ಅವನು ಮುಂದೆ ಬಂದು ನಾಚಿನ್‌ನ ಪಕ್ಕದಲ್ಲಿ ಮಂಡಿಯೂರಿದ. ನಗು ನಿಂತಿತು.

"ದೊಡ್ಡಪ್ಪಾ. ಹಗ್ಗ ಇಳಿಸಿದ್ದು ನಾನು."

ಖಾನ ಮೂಳೆಯನ್ನು ಬಾಯಿಂದ ತೆಗೆದ. ಅವನ ಸಣ್ಣ ಕಣ್ಣುಗಳು ಒದ್ದೆಯಾದವು. ಊಟವಾದ ಮೇಲೆ ಅವು ಯಾವಾಗಲೂ ಒದ್ದೆಯಾಗುತ್ತಿದ್ದವು.

"ಕೇಳಿದ್ರೇನ್ರೋ! ತನ್ನ ಮುದುಕನಿಗೋಸ್ಕರ ತಪ್ಪು ಮೈಮೇಲೆ ಹಾಕ್ಕೊಳ್ತಿದಾನೆ! ನಮ್ಮ ತಮ್ಮನ ರಕ್ತ!"

"ಹಾಗಲ್ಲ ದೊಡ್ಡಪ್ಪಾ, ನಿಜವಾಗ್ಲೂ ನಾನೇ."

"ನೀನೇನಾ? ಹಾಗಿದ್ರೆ ಹೇಳು. ರಾಜಕುಮಾರ ಹಗ್ಗಕ್ಕೆ ಯಾಕೆ ಕೈ ಹಾಕ್ದ? ಏನು ಕೆಲಸ ಇತ್ತು ನಿಂಗೆ ಒಳಗೆ?"

ಒಂದು ಮಾತು. ಮೂರು ವರ್ಷದ ಮಗುವೂ ನಾಚಿಕೆಯಿಲ್ಲದೆ ಹೇಳುವ ಮಾತು. ಅದು ಜಿರ್ಗಲಾನನ ನಾಲಿಗೆಯ ಮೇಲೆ ಬಂದು ಕೂತಿತ್ತು. ಅವನು ತಲೆಯೆತ್ತಿದ. ಸಾವಿರ ಮೂಗುಗಳು ಅವನ ಕಡೆ ತಿರುಗಿದ್ದವು. ಖಬಿಚಿಯ ತುಟಿಗಳು ಆಗಲೇ ಒಂದು ಹೆಸರನ್ನು ಹದಮಾಡುತ್ತಿದ್ದವು. ಅವನ ಹಿಂದೆ ವಾಂತಿಯವರ ಮನೆಯ ಚಿಕ್ಕಪ್ಪ, ಎರಡು ಕೋಟೆ ಗೆದ್ದವನು, ಕತ್ತು ಚಾಚಿ ನಿಂತಿದ್ದ. ಆ ಮುಖದಲ್ಲಿದ್ದ ಆಸೆ! ಹನ್ನೆರಡು ವರ್ಷದಿಂದ ಒಂಟಿಯಾಗಿದ್ದವನಿಗೆ ಜೊತೆ ಸಿಗುವ ಆಸೆ. ಅದನ್ನು ನೋಡಿದ್ದೇ ಜಿರ್ಗಲಾನ ಮತ್ತೆ ತಲೆ ತಗ್ಗಿಸಿದ.

"ಕಾರಣ ಏನಿಲ್ಲ," ಎಂದ.

"ಕಾರಣ ಏನಿಲ್ವಂತೆ!" ಖಾನ ತೊಡೆ ತಟ್ಟಿಕೊಂಡ. "ಅಯ್ಯೋ, ಒಂದು ಸುಳ್ಳನ್ನೂ ನೆಟ್ಟಗೆ ಹೇಳೋಕೆ ಬರಲ್ಲ ನನ್ನ ಮಗನಿಗೆ! ಇವತ್ತಿನಿಂದ ಇವನು ದಯಾವಂತ. ಕೇಳಿಸ್ತಾ? ಇವನ ಮಕ್ಕಳು ದಯಾವಂತನ ಮನೆಯವ್ರು." ಜನ ಹೋ ಎಂದರು. ಖಬಿಚಿಯೂ ಎಂದ, ತುಟಿಯಲ್ಲಿದ್ದದ್ದನ್ನು ನುಂಗಿಕೊಂಡು. "ಮುದುಕನ ಜೀವ ನಿನಗೆ ಕೊಟ್ಟೆ ಮಗಾ. ಆದ್ರೆ ಕಟ್ಟಳೆ ಕಟ್ಟಳೆ. ಮೂವತ್ತೇಳು ಪೆಟ್ಟು. ಬೇರೆ ಯಾವನೂ ಅವನನ್ನ ಮುಟ್ಟೋದು ಬೇಡ. ನೀನೇ ಹೊಡಿ, ನಿನ್ನ ದಯೆ ನಿನ್ನ ಕೈಯಲ್ಲೇ ಇರ್ಲಿ."

ಕಂಬಳಿ ಹಾಸಿದರು. ನಾಚಿನ್ ತಾನೇ ಹೋಗಿ ಬೋರಲಾಗಿ ಮಲಗಿ, ಕೊರಳ ಪಟ್ಟಿಯನ್ನು ತೆಗೆದು ಮಡಿಸಿ ಗಲ್ಲದಡಿಗೆ ಇಟ್ಟುಕೊಂಡ. ಬೆನ್ನು ಬರಿದಾದಾಗ ಎಲುಬುಗಳು ಗುಡಾರದ ಗಳುಗಳಂತೆ ಕಂಡವು. ಯಾರೋ ಜಿರ್ಗಲಾನನ ಕೈಗೆ ದೊಣ್ಣೆ ಕೊಟ್ಟರು. ಒಂದು. ಎರಡು. ಮೂರು. ಅವನು ಮೆಲ್ಲಗೆ ಹೊಡೆಯುತ್ತಿದ್ದ, ಕಂಬಳಿಯ ಧೂಳು ಕೊಡವುವಂತೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಇನ್ನೂ ಸ್ವಲ್ಪ ಜೋರಾಗಿ, ಒಡೆಯಾ," ಎಂದ ನಾಚಿನ್, ಮುಖ ತಿರುಗಿಸದೆ. "ಜನ ನೋಡ್ತಿದಾರೆ."

ಅದೇ ಧ್ವನಿ. ಹುಲ್ಲು, ಓಡದ ಮೊಲ, ಅರ್ಧಕ್ಕೆ ನಿಂತ ಹೆದೆ. ಜಿರ್ಗಲಾನ ದೊಣ್ಣೆಯನ್ನು ಭುಜದ ಮೇಲಕ್ಕೆತ್ತಿ ಹೊಡೆದ. ಸರಿಯಾಗಿ ಬಿತ್ತು. ಜನ ತಲೆದೂಗಿದರು. ಮತ್ತೊಂದು. ಅದೂ ಬಿತ್ತು. ಅವನ ಬದುಕಿನಲ್ಲಿ ಯಾವ ಬಾಣವೂ ಇಷ್ಟು ನೆಟ್ಟಗೆ ಹೋಗಿ ತಾಗಿರಲಿಲ್ಲ. ತೋಳಿಗೆ ಒಂದು ಲಯ ಬಂತು, ಮೈ ಬಿಸಿಯಾಯಿತು, ಮೂಗು ಸೋರುವುದು ನಿಂತಿತು. ಎಷ್ಟಾಯಿತೆಂಬುದೇ ತಪ್ಪಿಹೋಯಿತು.

"ಹತ್ತೊಂಬತ್ತು, ಒಡೆಯಾ," ಎಂದಿತು ಕೆಳಗಿನ ಧ್ವನಿ, ಸ್ವಲ್ಪ ಒದ್ದೆಯಾಗಿ.

ಅಲ್ಲಿಂದ ಮುಂದೆ ಎಣಿಕೆ ಕೆಳಗಿನಿಂದಲೇ ಬಂತು. ಇಪ್ಪತ್ತು. ಇಪ್ಪತ್ತೊಂದು. ಪೆಟ್ಟು ಬೀಳುತ್ತಿತ್ತು, ಸಂಖ್ಯೆ ಏಳುತ್ತಿತ್ತು. ತಪ್ಪದಂತೆ, ಒಡೆಯನಿಗೆ ತೊಂದರೆಯಾಗದಂತೆ. ಬಳೆಯ ಒಳಗೆ ಒಂದು ಗಂಡು ಕಾಡುಗತ್ತೆ ಹಗ್ಗ ಬಿದ್ದಿದ್ದ ನೆಲವನ್ನು ಮೂಸಿ, ಒಂದು ಕಾಲನ್ನು ಆಚೆ ಇಟ್ಟು, ಯಾರಾದರೂ ಕೂಗುತ್ತಾರೇನೋ ಎಂದು ಕಿವಿ ನಿಮಿರಿಸಿ ನಿಂತಿತ್ತು. ಇಪ್ಪತ್ತೈದು. ಇಪ್ಪತ್ತಾರು. ಮುಂದಿನ ಪೆಟ್ಟು ಬಿತ್ತು. ಸಂಖ್ಯೆ ಬರಲಿಲ್ಲ. ಜಿರ್ಗಲಾನ ದೊಣ್ಣೆ ಎತ್ತಿ ಹಿಡಿದು ಕಾದ. ಸಾವಿರ ಜನ ಕಾದರು. ಗಲ್ಲದಡಿಯ ಪಟ್ಟಿ ಜಾರಿ, ಮುದುಕನ ಮುಖ ಒಂದು ಕಡೆಗೆ ವಾಲಿತ್ತು. ಕಣ್ಣುಗಳು ತೆರೆದಿದ್ದವು. ಈಗಲೂ ಅವು ಬೇರೆ ಕಡೆಯೇ ನೋಡುತ್ತಿದ್ದವು.

"ಇಪ್ಪತ್ತೇಳು," ಎಂದ ಜಿರ್ಗಲಾನ, ಎಲ್ಲರಿಗೂ ಕೇಳುವಂತೆ, ಗಟ್ಟಿಯಾಗಿ, ಸ್ಪಷ್ಟವಾಗಿ. ಇನ್ನೂ ಹತ್ತು ಉಳಿದಿದ್ದವು.